ಇಪ್ಪತ್ತೇಳು ಮಕ್ಕಳಿಗೆ ಮೂರು ರೊಟ್ಟಿ

ಊಟದ ಗಂಟೆ ಹೊಡೆದು ಹತ್ತು ನಿಮಿಷವಾಗಿದ್ದರೂ ನಾಗೇಂದ್ರಪ್ಪನಿಗೆ ನಗು ನಿಂತಿರಲಿಲ್ಲ. ಬಾಯಿ ಬಿಟ್ಟು ನಗುವ ನಗುವಲ್ಲ ಅದು. ಹೊಕ್ಕುಳ ಹತ್ತಿರ ಎಲ್ಲೋ ಸಣ್ಣ ಗುಳ್ಳೆಗಳು ಹುಟ್ಟಿ ಎದೆಯವರೆಗೆ ಏರಿ ಒಡೆಯುತ್ತಿದ್ದವು. ಒಡೆದಾಗಲೆಲ್ಲ ಭುಜ ಅಲುಗುತ್ತಿತ್ತು. ಶಾಲೆಯ ಹಿಂದೆ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ಎರಡು ವರ್ಷದಿಂದ ಅವನೊಬ್ಬನೇ ಕೂತು ಉಣ್ಣುವ ಕಲ್ಲು ಅದು. ತೊಡೆಯ ಮೇಲೆ ಬುತ್ತಿಯ ಬಟ್ಟೆ ಬಿಚ್ಚಿತ್ತು. ಒಳಗೆ ಪುಂಡಿಪಲ್ಯವಿತ್ತು, ಶೇಂಗಾ ಚಟ್ನಿಯಿತ್ತು, ಹಸಿ ಈರುಳ್ಳಿಯಿತ್ತು. ರೊಟ್ಟಿ ಇರಲಿಲ್ಲ. ಹೆಂಡತಿ ಸುಂಕಲಮ್ಮ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಮೂರು ಜೋಳದ ರೊಟ್ಟಿಗಳನ್ನು ಹನ್ನೊಂದು ಇಪ್ಪತ್ತರಿಂದ ಹನ್ನೆರಡರ ಒಳಗೆ ಮೂರು ಮತ್ತು ನಾಲ್ಕನೇ ತರಗತಿಯ ಇಪ್ಪತ್ತೇಳು ಮಕ್ಕಳು ತಿಂದು ಮುಗಿಸಿದ್ದರು. ತಿಂದು, ಅಂಗಿಗೆ ಕೈ ಒರೆಸಿಕೊಂಡು, ಈಗ ಮನೆಗೆ ಊಟಕ್ಕೆ ಓಡಿದ್ದರು. ಅವರಲ್ಲಿ ಇಪ್ಪತ್ತೆರಡು ಮಂದಿ ಊರೊಳಗಿನ ಮನೆಗಳವರು. ಆ ಮನೆಗಳಲ್ಲಿ ನಾಗೇಂದ್ರಪ್ಪನಿಗೆ ಜಗಲಿಯ ತುದಿಯಲ್ಲಿ ಕೂರಲು ಕುರ್ಚಿ ಹಾಕುತ್ತಿದ್ದರು. ಕುಡಿಯಲು ನೀರು ಕೇಳಿದರೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಅಲ್ಯೂಮಿನಿಯಂ ಲೋಟ ಇಳಿಯುತ್ತಿತ್ತು.

ಜಗಳೂರು ತಾಲ್ಲೂಕಿನ ಒಂದು ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು ಅವನು ಎಂಬುದು ಊರಿಗೆ ಮೊದಲನೆಯ ವಾರವೇ ಗೊತ್ತಾಗಿತ್ತು. ಯಾರೂ ಕೆಟ್ಟದಾಗಿ ನಡೆದುಕೊಂಡಿರಲಿಲ್ಲ. ಅವನೂ ಯಾರಿಗೂ ತೊಂದರೆಯಾಗದಂತೆ ನಡೆದುಕೊಂಡಿದ್ದ. ಸಾಸ್ವೆಹಳ್ಳಿಯ ಬಾಡಿಗೆ ಕೋಣೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ ತುಳಿದು ಬರುವುದು, ಪಾಠ ಮಾಡುವುದು, ಮರದ ಕೆಳಗೆ ಉಣ್ಣುವುದು, ಮತ್ತೆ ಪಾಠ, ಮತ್ತೆ ಸೈಕಲ್ಲು. ಇದಕ್ಕೆ ಮೊದಲು ಚನ್ನಗಿರಿ ಕಡೆಯ ಒಂದು ಶಾಲೆಯಲ್ಲಿ ಅವನು ಬಿಸಿಲಲ್ಲಿ ಬಂದವನು ಮರೆತು ಮಕ್ಕಳ ಕೊಡದಿಂದ ನೀರು ಕುಡಿದಿದ್ದ. ಯಾರೂ ಏನೂ ಅನ್ನಲಿಲ್ಲ. ಮರುದಿನ ಬೇರೆ ಕೊಡ ಬಂತು. ಮುಂದಿನ ವಾರ ನಲವತ್ತೊಂದು ಮಕ್ಕಳ ಬದಲು ಹದಿಮೂರು ಮಕ್ಕಳು ಬಂದರು. ಎರಡು ತಿಂಗಳಿಗೆ ವರ್ಗದ ಆದೇಶ ಬಂತು. ಅದರಲ್ಲಿ ಆಡಳಿತದ ಹಿತದೃಷ್ಟಿಯಿಂದ ಎಂದು ಬರೆದಿತ್ತು. ಹಾಗಾಗಿ ಇವತ್ತು, 1979ರ ನವೆಂಬರಿನ ಈ ಗುರುವಾರ, ಎರಡೂವರೆಗೆ ಗಂಟೆ ಹೊಡೆದಾಗ ಇಪ್ಪತ್ತೇಳರಲ್ಲಿ ಎಷ್ಟು ಮಂದಿ ವಾಪಸು ಬರುತ್ತಾರೆ ಎಂಬುದರ ಮೇಲೆ ತನ್ನ ಈ ಶಾಲೆ ನಿಂತಿದೆ ಎಂದು ಅವನಿಗೆ ಸ್ಪಷ್ಟವಾಗಿಯೇ ತಿಳಿದಿತ್ತು. ತಿಳಿದೂ ನಗು ಬರುತ್ತಿತ್ತು. ಹಸಿವಿಗೆ ತಲೆ ಹಗುರಾಗಿತ್ತು. ಈರುಳ್ಳಿ ಕಚ್ಚಿದ. ಕಣ್ಣಲ್ಲಿ ನೀರು ಬಂತು. ಈಗ ಯಾರಾದರೂ ನೋಡಿದರೆ ಅಳುತ್ತಿದ್ದಾನೆ ಅಂದುಕೊಳ್ಳುತ್ತಾರೆ ಎನಿಸಿ ಮತ್ತೆ ಗುಳ್ಳೆಗಳು ಎದ್ದವು.

ಮೂರು ವಾರದಿಂದ ಭಿನ್ನರಾಶಿ ನಡೆದಿತ್ತು. ನಡೆದಿತ್ತು ಅನ್ನುವುದಕ್ಕಿಂತ ನಿಂತಲ್ಲೇ ನಿಂತಿತ್ತು. ಬೋರ್ಡಿನ ಮೇಲೆ ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು ಎಂದು ಗೆರೆ ಎಳೆದು ಮೇಲೊಂದು ಕೆಳಗೊಂದು ಅಂಕಿ ಬರೆದು ಯಾವುದು ದೊಡ್ಡದು ಎಂದರೆ ಇಡೀ ತರಗತಿ ಒಂದೇ ಬಾಯಲ್ಲಿ ನಾಲ್ಕರದು ಅನ್ನುತ್ತಿತ್ತು. ನಾಲ್ಕು ಎರಡಕ್ಕಿಂತ ದೊಡ್ಡದಲ್ಲವೇ ಎಂದು ಅವನನ್ನೇ ಕನಿಕರದಿಂದ ನೋಡುತ್ತಿತ್ತು. ಸೀಮೆಸುಣ್ಣದಲ್ಲಿ ವೃತ್ತ ಬರೆದು ಪಾಲು ಮಾಡಿ ತೋರಿಸಿದ. ಅದು ಚಕ್ರ, ಗೆರೆಗಳು ಅದರ ಅರಗಳು ಎಂದರು. ಕಾಗದ ಮಡಿಸಿ ತೋರಿಸಿದ. ದೋಣಿ ಮಾಡಿಕೊಡಿ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ವಾದಿಸುತ್ತಿದ್ದವಳು ರುದ್ರಾಣಿ. ಊರಿನ ದೊಡ್ಡ ಮನೆಯ ಮಲ್ಲಿಕಾರ್ಜುನಪ್ಪನ ಮಗಳು, ಎಂಟು ವರ್ಷ, ಮೂರನೆಯ ತರಗತಿ. ಇವತ್ತು ಹನ್ನೊಂದು ಇಪ್ಪತ್ತಕ್ಕೆ ಅವಳು ಎದ್ದು ನಿಂತು, "ನೀವೇ ಹೇಳ್ರಿ ಸಾರ್, ನಾಲ್ಕು ದೊಡ್ಡದೋ ಎರಡು ದೊಡ್ಡದೋ," ಎಂದು ಸೊಂಟದ ಮೇಲೆ ಕೈಯಿಟ್ಟಾಗ ಅವನಿಗೆ ತಲೆಯಲ್ಲಿ ಏನೋ ಕಳಚಿದಂತಾಯಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲಕ್ಕೆ ಕೈಹಾಕಿ ಬುತ್ತಿ ಬಿಚ್ಚಿ ಒಂದು ರೊಟ್ಟಿ ಎತ್ತಿ ಹಿಡಿದ. ಸುಂಕಲಮ್ಮನ ಒಣ ರೊಟ್ಟಿ, ಮೊರದಷ್ಟು ಅಗಲ, ಬೆರಳಲ್ಲಿ ತಟ್ಟಿದರೆ ಸದ್ದಾಗುವಂಥದ್ದು. ತರಗತಿ ಮೊದಲ ಬಾರಿಗೆ ಸುಮ್ಮನಾಯಿತು.

"ಯಾರಿಗೆ ಎರಡರಲ್ಲಿ ಒಂದು ಬೇಕು, ಯಾರಿಗೆ ನಾಲ್ಕರಲ್ಲಿ ಒಂದು ಬೇಕು?"

"ನನಗೆ ನಾಲ್ಕರದು," ಎಂದಳು ರುದ್ರಾಣಿ. "ನಂಗೂ ನಾಲ್ಕರದೇ," ಎಂದ ನಾಲ್ಕನೆಯ ತರಗತಿಯ ವಿರೂಪಾಕ್ಷ. ಎರಡರಲ್ಲಿ ಒಂದು ಯಾರಿಗೂ ಬೇಡವಾಗಿತ್ತು. ಕೇರಿಯಿಂದ ಬರುವ ಐದು ಮಕ್ಕಳಲ್ಲಿ ಒಬ್ಬಳಾದ ಹುಲಿಗೆಮ್ಮ ಬಾಗಿಲ ಹತ್ತಿರದ ಗೋಡೆಗೆ ಒರಗಿ ಕೂತಿದ್ದಳು. ಉಳಿದದ್ದು ತನಗೆ ಎಂಬುದು ಅವಳಿಗೆ ರೂಢಿಯಾಗಿದ್ದ ಸಂಗತಿ. "ನಂಗೆ ಅದೇ ಇರ್ಲಿ ಸಾರ್," ಎಂದಳು. ಅವನು ರೊಟ್ಟಿಯನ್ನು ಮರದ ಸ್ಕೇಲಿನ ಅಂಚಿಗೆ ಇಟ್ಟು ಮುರಿದ. ಅರ್ಧವನ್ನು ಹುಲಿಗೆಮ್ಮನಿಗೆ ಕೊಟ್ಟ. ಇನ್ನೊಂದು ಅರ್ಧವನ್ನು ಮತ್ತೆ ಮುರಿದು ರುದ್ರಾಣಿಗೊಂದು, ವಿರೂಪಾಕ್ಷನಿಗೊಂದು ಕೊಟ್ಟ. ರುದ್ರಾಣಿ ತನ್ನ ಕೈ ನೋಡಿಕೊಂಡಳು. ಹುಲಿಗೆಮ್ಮನ ಕೈ ನೋಡಿದಳು. ಮತ್ತೆ ತನ್ನದು ನೋಡಿಕೊಂಡಳು.

"ಮೋಸ ಸಾರ್ ಇದು."

"ನೀನೇ ಕೇಳಿದ್ದಲ್ಲೇನೇ," ಎಂದಳು ಹುಲಿಗೆಮ್ಮ, ಅರ್ಧವನ್ನು ಎದೆಗೆ ಅವುಚಿಕೊಂಡು.

"ನಾಲ್ಕು ಅಂದ್ರೆ ಹೆಚ್ಚಾಗಬೇಕಲ್ಲ."

"ನಾಲ್ಕು ಮಂದಿಗೆ ಅಂದ್ರೆ ನಿನಗೆ ಹೆಂಗೆ ಹೆಚ್ಚಾಗ್ತೈತೆ? ನಮ್ಮನ್ಯಾಗೆ ನಾವು ಆರು ಮಂದಿ. ನಂಗೊತ್ತೈತೆ." ಆಮೇಲೆ ಹುಲಿಗೆಮ್ಮ ಯಾರೂ ಹೇಳದೆ ಒಂದು ಕೆಲಸ ಮಾಡಿದಳು. ತನ್ನ ಅರ್ಧವನ್ನು ಎರಡು ಮಾಡಿ ಒಂದು ತುಂಡನ್ನು ರುದ್ರಾಣಿಯ ತುಂಡಿನ ಮೇಲೆ ಇಟ್ಟು ಅಂಚಿಗೆ ಅಂಚು ಹೊಂದಿಸಿದಳು. ಎರಡೂ ಕೂಡಿದವು. "ಸಾರ್, ಅರ್ಧದ ಒಳಗೆ ಎರಡು ಕಾಲು ಕುಂತಾವೆ," ಎಂದಳು. ಮೂರು ವಾರದಿಂದ ಅವನು ಹೇಳಲಾಗದೆ ಒದ್ದಾಡಿದ್ದ ಮಾತು. ಮುಂದಿನದು ಪಾಠವಲ್ಲ, ದೊಂಬಿ. ಎರಡನೆಯ ರೊಟ್ಟಿ ಎಂಟಾಯಿತು, ಮೂರನೆಯದು ಹದಿನಾರಾಯಿತು. ಮುರಿದಷ್ಟೂ ಅಂಕಿ ದೊಡ್ಡದಾಗುತ್ತ ತುಂಡು ಸಣ್ಣದಾಗುತ್ತ ಹೋಗುವುದನ್ನು ಮಕ್ಕಳು ಸ್ವಂತ ಕಣ್ಣಿನಿಂದ ನೋಡಿ ಕುಣಿದರು. ಇದು ಕೊಂಚ ದೊಡ್ಡದು, ಅದರ ಮೂಲೆ ಮುರಿದಿದೆ, ಹದಿನಾರು ಅಂದರೆ ಹದಿನಾರೂ ಸಮ ಇರಬೇಕು, ಇಲ್ಲದಿದ್ದರೆ ಅದಕ್ಕೆ ಆ ಹೆಸರು ಸಲ್ಲದು ಎಂದು ನಾಲ್ಕನೆಯ ತರಗತಿ ಪಂಚಾಯಿತಿ ಕೂಡಿಸಿತು. ಅವನೂ ಅವರ ಜೊತೆ ಕೂಗಾಡಿದ. ಸುಣ್ಣದ ಪುಡಿ, ಜೋಳದ ಪುಡಿ, ಎಲ್ಲ ಒಂದಾಗಿತ್ತು. ಒಟ್ಟು ಇಪ್ಪತ್ತೇಳು ತುಂಡು, ಇಪ್ಪತ್ತೇಳು ಮಕ್ಕಳು. ಬೇಕೆಂದೇ ಲೆಕ್ಕ ಹಾಕಿದರೂ ಹಾಗೆ ಹೊಂದುತ್ತಿರಲಿಲ್ಲ. ಕೊನೆಯ ತುಂಡು ಕೊಟ್ಟು ತಲೆ ಎತ್ತಿದಾಗ ಕೋಣೆಯ ತುಂಬ ಕರುಂ ಕುರುಂ ಸದ್ದು. ಆಗ ಅವನಿಗೆ ತಾನು ಏನು ಮಾಡಿದೆನೆಂದು ಗೊತ್ತಾಯಿತು.

ಅದಕ್ಕಿಂತ ವಿಚಿತ್ರವಾದದ್ದು ಹೊಳೆದದ್ದು ಈಗ, ಈ ಕಲ್ಲಿನ ಮೇಲೆ. ಬಲಗೈಯನ್ನು ಎತ್ತಿ ನೋಡಿಕೊಂಡ. ಹುಲಿಗೆಮ್ಮನಿಗೆ ಅರ್ಧ ಕೊಡುವಾಗ ಈ ಕೈ ಅವಳ ಅಂಗೈಗೆ ತಾಗಿತ್ತು. ಅವಳ ಬೆರಳು ಬೆಚ್ಚಗಿದ್ದದ್ದು ನೆನಪಿತ್ತು. ರುದ್ರಾಣಿಗೆ ಕೊಡುವಾಗ ಒಂದು ಗೇಣು ಮೇಲೆ ನಿಂತು ತುಂಡನ್ನು ಬಿಟ್ಟಿತ್ತು. ಅವಳು ಕೈ ಬೊಗಸೆ ಮಾಡಿದ್ದಳು, ತುಂಡು ಬಿದ್ದಿತ್ತು. ಹಾಗೆ ಇಪ್ಪತ್ತೆರಡು ಬೊಗಸೆಗೆ ಇಪ್ಪತ್ತೆರಡು ಸಲ ಮೇಲಿನಿಂದ. ಕೇರಿಯ ಐದು ಕೈಗೆ ಐದು ಸಲ ಮುಟ್ಟಿ. ಅಷ್ಟು ಗದ್ದಲದಲ್ಲಿ, ಅವನು ಸ್ವತಃ ಎಲ್ಲ ಮರೆತಿದ್ದಾಗ, ಕೈ ಮಾತ್ರ ಒಂದೂ ತಪ್ಪದೆ ಜನಗಣತಿ ಮಾಡಿತ್ತು. ಮುಟ್ಟಿಬಿಡಬಾರದು ಎಂಬ ಹೆದರಿಕೆ ಅದು, ಬೇರೇನಲ್ಲ. ಆದರೆ ನೋಡಿದವರಿಗೆ? ಅವ್ವ ಗಿಡ್ಡಮ್ಮ ಸುಗ್ಗಿಯ ದಿನ ಗೌಡರ ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಒಡ್ಡುತ್ತಿದ್ದಳು, ಮೇಲಿನಿಂದ ಮುದ್ದೆ ಬೀಳುತ್ತಿತ್ತು. ಬೀಳುವಾಗ ಅವಳ ಸೆರಗು ಕೊಂಚ ಕೆಳಗೆ ಜಗ್ಗುತ್ತಿತ್ತು. ಅವ್ವನ ಪಕ್ಕ ನಿಂತಿದ್ದ ಆರು ವರ್ಷದವನಿಗೆ ಕಾಣುತ್ತಿದ್ದದ್ದು ಆ ಸೆರಗಿನ ಜಗ್ಗು ಒಂದೇ. ಇವತ್ತು ಅದೇ ಎತ್ತರದಿಂದ ಅವನು ದೊಡ್ಡ ಮನೆಯ ಮಗಳ ಬೊಗಸೆಗೆ ರೊಟ್ಟಿ ಹಾಕಿದ್ದ. ಹೆದರಿ ಹಾಕಿದ್ದ. ಎರಡೂ ನಿಜ, ಯಾವುದನ್ನು ಯಾವುದರಿಂದ ಕಳೆದರೆ ಎಷ್ಟು ಉಳಿಯುತ್ತದೆ ಎಂದು ತಿಳಿಯದೆ ಅವನು ಒಬ್ಬನೇ ಹುಚ್ಚನ ಹಾಗೆ ಕಿಸಕ್ಕನೆ ನಕ್ಕ. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೂ ನಗು ಬಂತು.

"ಯಾಕ್ರೀ ನಾಗೇಂದ್ರಪ್ಪ, ಒಬ್ಬರೇ ನಗ್ತಿದೀರಿ?" ಮುಖ್ಯೋಪಾಧ್ಯಾಯ ಷಣ್ಮುಖಪ್ಪ ಹಲ್ಲಿನ ಸಂದಿ ಕೆದಕುತ್ತ ಬಂದರು. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದ, ಅಷ್ಟೂ ದಿನ ಏನೂ ಆಗದಿದ್ದರೆ ಸಾಕು ಎಂದಿದ್ದ ಮನುಷ್ಯ. ನಾಗೇಂದ್ರಪ್ಪ ಎದ್ದು ನಿಂತು ಹೇಳಿಬಿಟ್ಟ.

"ತಿಂದ್ರಾ?"

"ತಿಂದ್ರು ಸಾರ್."

"ಎಲ್ಲಾರೂ?"

"ಇಪ್ಪತ್ತೇಳೂ ಸಾರ್."

ಷಣ್ಮುಖಪ್ಪ ಕಡ್ಡಿಯನ್ನು ಎಸೆದರು. ಸುತ್ತ ನೋಡಿದರು. ಅವರು ಬೈಯುತ್ತಾರೆ ಎಂದು ಇವನು ಕಾದ. "ಮೂರು ರೊಟ್ಟಿ ಇಪ್ಪತ್ತೇಳು ಜನಕ್ಕೆ ಹೆಂಗ್ರೀ ಬಂತು?" ಎಂದು ಕೇಳಿದರು. ಇವನು ಲೆಕ್ಕ ಹೇಳಿದ. ಅವರು ಬೆರಳು ಮಡಿಸುತ್ತ, "ಒಂದು ಅರ್ಧ, ಎರಡು ಕಾಲು, ಎಂಟು ಅರೆಕಾಲು, ಹದಿನಾರು ವೀಸ. ಸರಿ ಆತು," ಎಂದರು. ಹಳೆಯ ಕಾಲದ ಮಗ್ಗಿಯ ಹೆಸರುಗಳು ಬಾಯಿಗೆ ಬಂದ ಸಂತೋಷದಲ್ಲಿ ಅವರು ಕ್ಷಣ ಮರೆತಿದ್ದರು. ಆಮೇಲೆ ಮುಖ ಬಿಗಿಯಿತು. "ವೀಸ ತಿಂದರೂ ತಿಂದಂಗೇ ಅಲ್ರೀ. ಮಲ್ಲಿಕಾರ್ಜುನಪ್ಪ ಮನ್ಯಾಗೆ ಅದಾನೆ ಇವತ್ತು. ಅವರವ್ವ ಸಿದ್ದಲಿಂಗಮ್ಮನೂ ಅದಾಳೆ. ನಾನು ಹೊನ್ನಾಳಿಗೆ ಆಫೀಸಿಗೆ ಹೋಗಬೇಕಿತ್ತು ಅಂತ ನೆನಪಾಗ್ತೈತೆ." ಹೋಗಲಿಲ್ಲ. ಕೋಣೆಯೊಳಗೆ ಹೋಗಿ ಕುರ್ಚಿಯಲ್ಲಿ ಕೂತು ಬಾಗಿಲನ್ನು ಅರ್ಧ ಹಾಕಿಕೊಂಡರು.

ಎರಡೂವರೆಗೆ ಐದು ನಿಮಿಷ ಮೊದಲೇ ನಾಗೇಂದ್ರಪ್ಪ ಗಂಟೆ ಹೊಡೆದ. ಹೊಡೆದು ಅಂಗಳ ನೋಡಿದ. ಅಂಗಳದಲ್ಲಿ ಒಂದು ಕೋಳಿ ಇತ್ತು. ಚನ್ನಗಿರಿ ಕಡೆಯ ಶಾಲೆಯಲ್ಲಿ ಹದಿಮೂರೇ ಮಕ್ಕಳು ಬಂದ ಆ ಸೋಮವಾರವೂ ಹೀಗೇ ಗಂಟೆ ಹೊಡೆದು ನಿಂತಿದ್ದ. ಗಂಟೆಯ ಸದ್ದು ಕಿವಿಯಲ್ಲಿ ಮುಗಿದ ಮೇಲೂ ಕೈಯಲ್ಲಿ ಉಳಿದಿತ್ತು. ಸುಂಕಲಮ್ಮ ಆಗ, ಹೋದರೆ ಹೋಗ್ಲಿ, ಊರೇನು ಒಂದೇ ಐತಾ ಎಂದು ಪಾತ್ರೆ ಕಟ್ಟಿದ್ದಳು. ಈ ಸಲ ಅವಳಿಗೆ ಆರು ತಿಂಗಳು. ಸಾಸ್ವೆಹಳ್ಳಿಯ ದಾಯಿ ಶಂಕ್ರಮ್ಮ ಹದಿನೈದು ದಿನಕ್ಕೊಮ್ಮೆ ಬಂದು ನೋಡುತ್ತಿದ್ದಳು. ಈಗ ಪಾತ್ರೆ ಕಟ್ಟು ಎಂದರೆ ಅವಳ ಮುಖದಲ್ಲಿ ಏನಾಗುತ್ತದೆ ಎಂದು ಯೋಚಿಸುತ್ತಿರುವಾಗ ಮೂಲೆಯಿಂದ ಹುಲಿಗೆಮ್ಮ ಮತ್ತು ಕೇರಿಯ ನಾಲ್ವರು ಬಂದರು. ಐದು. ಅವರು ಬರುತ್ತಾರೆಂದು ಗೊತ್ತಿತ್ತು. ಆಮೇಲೆ ವಿರೂಪಾಕ್ಷ, ಬಾಯಲ್ಲಿ ಏನೋ ಅಗಿಯುತ್ತ. ಆರು. ಅವನ ಹಿಂದೆ ನಾಲ್ವರು, ಬಾವಿಯ ಕಡೆಯಿಂದ ಮೂವರು, ಒಬ್ಬರನ್ನೊಬ್ಬರು ನೂಕುತ್ತ ಒಂದು ದಂಡು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೆರಡು. ಎಣಿಸುತ್ತಿದ್ದ ಹಾಗೆ ಮತ್ತೆ ಎದೆಯಲ್ಲಿ ಗುಳ್ಳೆ ಏಳತೊಡಗಿ ಅವನು ಗಂಟೆಯ ಕಂಬ ಹಿಡಿದುಕೊಂಡ. ಆಮೇಲೆ ಯಾರೂ ಬರಲಿಲ್ಲ. ಐದು ಮಂದಿ ಇಲ್ಲ. ಅವರಲ್ಲಿ ಇಬ್ಬರು ಎಮ್ಮೆ ಮೇಯಿಸಲು ಹೋಗುವವರು, ಗುರುವಾರವೋ ಶುಕ್ರವಾರವೋ ಅವನಿಗೆ ನೆನಪಾಗಲಿಲ್ಲ. ರುದ್ರಾಣಿ ಇಲ್ಲ. ಒಳಗೆ ಹೋಗಲು ತಿರುಗಿದಾಗ ಅವಳು ಕಂಡಳು. ಅವಳ ಕೈ ಹಿಡಿದುಕೊಂಡು, ಬಿಸಿಲಿಗೆ ಸೆರಗು ತಲೆಮೇಲೆ ಎಳೆದುಕೊಂಡು, ಹಣೆಯ ತುಂಬ ವಿಭೂತಿಯ ಸಿದ್ದಲಿಂಗಮ್ಮ ಬರುತ್ತಿದ್ದಳು. ಆ ಮುದುಕಿ ಶಾಲೆಯ ಕಡೆ ಬಂದದ್ದನ್ನು ಅವನು ಎರಡು ವರ್ಷದಲ್ಲಿ ನೋಡಿರಲಿಲ್ಲ.

ಅವಳು ಬಾಗಿಲಲ್ಲಿ ನಿಂತಳು. ಮಕ್ಕಳು ಎದ್ದು ನಿಂತರು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ತುಂಡು ರೊಟ್ಟಿ ತೆಗೆದು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಳು. ಬಿಳಿ ಅಕ್ಕಿರೊಟ್ಟಿ, ಅವರ ಮನೆಯದೇ, ಸರಿಯಾಗಿ ಕಾಲು ಭಾಗ.

"ಮೇಷ್ಟ್ರೇ, ಇದೇನು ಪಾಠ ಇದು?"

"ಏನಾತು ಅಮ್ಮಾರೆ?"

"ಉಣ್ಣಾಕೆ ಕುಂತಿದ್ವಿ. ರೊಟ್ಟಿ ಹರಿದ್ಲು ಈ ಹುಡುಗಿ. ಅರ್ಧ ಅವರಪ್ಪನ ಕೈಯಾಗೆ ಇಟ್ಲು. ಬಾಳ ಚಂದ. ಆಮ್ಯಾಲೆ ನನಗೆ, ಅಜ್ಜಿ ಬೊಗಸೆ ಮಾಡು ಅಂದ್ಲು. ಮಾಡಿದೆ. ಎದ್ದು ನಿಂತು ಮ್ಯಾಲಿಂದ ಹಾಕಿದ್ಲು. ನನ್ನ ಬೊಗಸೆಗೆ." ಅವಳ ದನಿ ಸಣ್ಣಗಾಯಿತು. "ಎಪ್ಪತ್ತೆರಡು ವರ್ಷ ಆತು ನನಗೆ. ಈ ಕೈಗೆ ಯಾರೂ ಹಂಗೆ ಹಾಕಿಲ್ಲ."

"ನಾನೇನು ಮಾಡ್ಲಿ," ಎಂದಳು ರುದ್ರಾಣಿ ಬೇಸರದಿಂದ. "ಅರ್ಧ ಆದ್ರೆ ಕೈಯಾಗೆ ಇಡ್ಬೇಕು, ಕಾಲು ಆದ್ರೆ ಮ್ಯಾಲಿಂದ ಹಾಕ್ಬೇಕು. ಸಾರ್ ಹಂಗೇ ಮಾಡಿದ್ರು. ಹುಲಿಗೆಮ್ಮಂಗೆ ಅರ್ಧ, ಕೈಯಾಗೆ ಇಟ್ರು. ನಂಗೆ ಕಾಲು, ಮ್ಯಾಲಿಂದ ಹಾಕಿದ್ರು." ಆಮೇಲೆ ನಿಜವಾಗಿ ತಿಳಿಯಬೇಕಾಗಿದ್ದ ಮುಖದಲ್ಲಿ ಅವನ ಕಡೆ ತಿರುಗಿದಳು. "ಮ್ಯಾಲಿಂದ ಹಾಕ್ದಿದ್ರೆ ಅದು ಕಾಲು ಆಗಲ್ವಾ ಸಾರ್?"

ಪಕ್ಕದ ಕೋಣೆಯಲ್ಲಿ ಷಣ್ಮುಖಪ್ಪನವರ ಕುರ್ಚಿ ಕಿರುಗುಟ್ಟಿತು. ನಾಗೇಂದ್ರಪ್ಪನ ನಾಲಗೆಯ ತುದಿಗೆ ಒಂದು ಸುಳ್ಳು ಸಿದ್ಧವಾಗಿ ಬಂದು ನಿಂತಿತ್ತು: ತುಂಡು ಸಮವೋ ಅಲ್ಲವೋ ಎಂದು ನೋಡಲು ಎತ್ತರದಿಂದ ಬಿಡುವುದು ಒಂದು ಪದ್ಧತಿ, ಪುಸ್ತಕದಲ್ಲೇ ಇದೆ. ಮುದುಕಿ ನಂಬುತ್ತಿದ್ದಳು. ರುದ್ರಾಣಿಯೂ ನಂಬುತ್ತಿದ್ದಳು, ಸಾಯುವವರೆಗೆ ಕಾಲನ್ನು ಮೇಲಿನಿಂದಲೇ ಹಾಕುತ್ತಿದ್ದಳು. ಇಪ್ಪತ್ತೆರಡು ಮಕ್ಕಳು ಅವನ ಬಾಯಿ ನೋಡುತ್ತಿದ್ದರು. ಹುಲಿಗೆಮ್ಮ ಮಾತ್ರ ನೆಲ ನೋಡುತ್ತಿದ್ದಳು. ಯಾಕೆ ಮೇಲಿನಿಂದ ಎಂಬುದು ಆ ಕೋಣೆಯಲ್ಲಿ ಅವಳಿಗೆ ಗೊತ್ತಿತ್ತು. ಮುದುಕಿಗೂ ಈಗ, ಕೇಳುತ್ತ ಕೇಳುತ್ತ, ಗೊತ್ತಾಗುತ್ತಿದ್ದಂತೆ ಕಂಡಿತು. ಅವಳ ಕಣ್ಣು ಅವನ ಕೈಯ ಮೇಲೆ ನಿಂತಿತ್ತು.

"ಆಗ್ತೈತೆ," ಎಂದ ಅವನು. "ಹೆಂಗೆ ಕೊಟ್ಟರೂ ಕಾಲು ಕಾಲೇ. ಮ್ಯಾಲಿಂದ ಹಾಕಿದ್ದು ನನ್ನ ತಪ್ಪು. ಅದು ಲೆಕ್ಕದಾಗೆ ಇಲ್ಲ."

"ಹಂಗಾದ್ರೆ ಸರಿಯಾಗಿ ಕೊಟ್ಟು ತೋರ್ಸಬೇಕಪ್ಪ," ಎಂದಳು ಸಿದ್ದಲಿಂಗಮ್ಮ. "ನಮ್ಮ ಹುಡುಗಿ ಏನು ಬೇಡಾಕೆ ಬಂದಿದ್ಲಾ ಇಲ್ಲಿ, ಬೊಗಸೆ ಒಡ್ಡಿಕೊಂಡು?"

ಅವಳು ಸಿಟ್ಟಿನಿಂದ ಹೇಳಿದ್ದಳು. ಮನೆತನದ ಸಿಟ್ಟು ಅದು. ಆ ಸಿಟ್ಟು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ಅವಳಿಗೆ ಹೇಳಿದ ಮೇಲೆ ಹೊಳೆದಿರಬೇಕು, ಯಾಕೆಂದರೆ ತುಟಿ ಒಮ್ಮೆ ತೆರೆದು ಮುಚ್ಚಿತು. ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾಗೇಂದ್ರಪ್ಪ ಮೇಜಿನ ಮೇಲಿನ ಕಾಲು ರೊಟ್ಟಿಯನ್ನು ಎತ್ತಿಕೊಂಡ. ರುದ್ರಾಣಿ ಕೈ ಚಾಚಿದಳು. ಒಂದು ಗೇಣು ಎತ್ತರದಲ್ಲಿ ಅವನ ಕೈ ತಾನಾಗಿ ನಿಂತಿತು, ಸೈಕಲ್ಲು ತುಳಿಯುವವನ ಕಾಲು ಇಳಿಜಾರಿನಲ್ಲಿ ನಿಲ್ಲುವ ಹಾಗೆ. ಅದನ್ನು ಕೆಳಗಿಳಿಸಲು ಇಷ್ಟು ಬಲ ಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಇಳಿಸಿದ. ಬೆರಳು ಅವಳ ಅಂಗೈಗೆ ತಾಗಿತು. ಅಂಗೈ ಜಿಡ್ಡಾಗಿತ್ತು, ಬೆಣ್ಣೆ. ಅವಳು ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಅಷ್ಟೇ ಐತೆ," ಎಂದು ತೀರ್ಪು ಕೊಟ್ಟು ಕಚ್ಚಿದಳು.

ಸಿದ್ದಲಿಂಗಮ್ಮ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಲಿಲ್ಲ.

"ಬೆಳಿಗ್ಗೆ ತಿಂದಿದ್ದು ಜೋಳದ ರೊಟ್ಟಿಯಂತೆ."

"ಹೌದು ಅಮ್ಮಾರೆ. ನಮ್ಮ ಮನೇದು."

"ಮಲ್ಲಿಕಾರ್ಜುನ ಕೇಳಿಸ್ಕಂಡ. ಉಂಡು ಎದ್ದು ಹೋದ. ಏನೂ ಅನ್ಲಿಲ್ಲ. ಸಂಜಿಗೆ ಏನಂತಾನೋ ನಂಗೊತ್ತಿಲ್ಲ." ಬಿಸಿಲಿನ ಅಂಗಳ ನೋಡಿದಳು. "ಈ ಪಾಠ ಎಷ್ಟು ದಿನ ಐತೆ ಇನ್ನೂ?"

"ಹದಿನೈದು ದಿನ ಐತೆ."

"ಆ ಹುಡುಗಿಗೆ ದವಡೆ ಹಲ್ಲು ಅಲ್ಲಾಡ್ತೈತೆ. ಹದಿನೈದು ದಿನ ಒಣ ರೊಟ್ಟಿ ಹೆಂಗೆ ಅಗೀತಾಳೆ," ಎಂದು ಯಾರಿಗೋ ದೂರು ಹೇಳುವಂತೆ ಹೇಳಿ ಅವಳು ಅಂಗಳ ದಾಟಿದಳು.

ಅದು ಬೇಡ ಎಂದೋ ಮೆತ್ತಗೆ ಮಾಡಿಸು ಎಂದೋ, ಅವನು ಬಾಗಿಲಲ್ಲಿ ನಿಂತು ಆ ಮಾತನ್ನು ಮುರಿದು ಮುರಿದು ನೋಡಿದ. ಎಷ್ಟು ಸಣ್ಣಗೆ ಮುರಿದರೂ ಒಳಗೆ ಬೇಡ ಎಂಬ ತುಂಡು ಸಿಗಲಿಲ್ಲ. ಸಂಜೆ ಇನ್ನೂ ಇತ್ತು, ಮಲ್ಲಿಕಾರ್ಜುನಪ್ಪ ಇನ್ನೂ ಇದ್ದ, ಬರದ ನಾಲ್ವರು ಯಾಕೆ ಬರಲಿಲ್ಲವೆಂಬುದು ನಾಳೆಯೇ ತಿಳಿಯಬೇಕು. ಇದೆಲ್ಲ ಗೊತ್ತಿದ್ದೂ ಅವನ ಎರಡು ಕಿವಿಯೂ ಬಿಸಿಯಾಗಿ, ನೆಲ ಸ್ವಲ್ಪ ದೂರ ಹೋದಂತೆ ಅನಿಸುತ್ತಿತ್ತು. ಪಕ್ಕದ ಕೋಣೆಯಿಂದ ಷಣ್ಮುಖಪ್ಪ, "ಮುಂದುವರಿಸ್ರೀ ನಾಗೇಂದ್ರಪ್ಪ," ಎಂದು ಕೂಗಿದರು, ಇಡೀ ಮಧ್ಯಾಹ್ನ ತಾವೇ ಪಾಠ ಮಾಡಿ ದಣಿದವರ ದನಿಯಲ್ಲಿ. ಅವನು ಒಳಗೆ ಬಂದು, ನಾಳೆ ಒಬ್ಬೊಬ್ಬರಿಗೂ ಕಾಲು ರೊಟ್ಟಿ, ಸಮವಾಗಿ, ಇವತ್ತು ಇಲ್ಲಿರುವವರಿಗೆ ಎಷ್ಟು ರೊಟ್ಟಿ ಬೇಕು ಹೇಳಿ ಎಂದ. ಸ್ಲೇಟಿಗೆ ಯಾರೂ ಕೈ ಹಾಕಲಿಲ್ಲ. ಹುಲಿಗೆಮ್ಮ ಎದ್ದು, "ನಾಲ್ಕು ಮಂದಿ ಕೂಡಿದ್ರೆ ಒಂದು ರೊಟ್ಟಿ. ಕೂಡ್ರಿ ಎಲ್ಲಾರೂ," ಎಂದು ಅಪ್ಪಣೆ ಮಾಡಿದಳು. ಕೋಣೆ ಅಲ್ಲೋಲಕಲ್ಲೋಲವಾಯಿತು. ಬಾಗಿಲ ಪಕ್ಕದವರು ಕಿಟಕಿಯ ಪಕ್ಕಕ್ಕೆ, ಕಿಟಕಿಯವರು ಬೋರ್ಡಿನ ಕೆಳಗೆ, ಯಾರ ಕೈ ಯಾರು ಎಳೆದರು ಎಂಬ ಲೆಕ್ಕವಿಲ್ಲದೆ ನಾಲ್ಕು ನಾಲ್ಕಾಗಿ ಐದು ಗುಂಪು ಕೂಡಿದವು. ಕೊನೆಗೆ ಮೂವರು ಉಳಿದರು: ಹುಲಿಗೆಮ್ಮ, ವಿರೂಪಾಕ್ಷ, ರುದ್ರಾಣಿ.

"ಒಬ್ಬರು ಕಡಿಮೆ," ಎಂದ ವಿರೂಪಾಕ್ಷ.

"ಐದೂ ಮುಕ್ಕಾಲು ರೊಟ್ಟಿ," ಎಂದಳು ಹುಲಿಗೆಮ್ಮ ನಿಧಾನವಾಗಿ. "ಸಾರ್, ಆರು ಮಾಡಿದ್ರೆ ಒಂದು ಕಾಲು ಉಳೀತೈತೆ."

ರುದ್ರಾಣಿ ರೊಟ್ಟಿಯ ಕೊನೆಯ ಚೂರನ್ನು ನುಂಗಿ, ಬೆಣ್ಣೆಯ ಕೈಯಲ್ಲೇ ನಾಗೇಂದ್ರಪ್ಪನ ಎರಡು ಬೆರಳು ಹಿಡಿದು ಎಳೆದುಕೊಂಡು ಹೋಗಿ ತಮ್ಮ ಮೂವರ ಪಕ್ಕ ನಿಲ್ಲಿಸಿದಳು. ಅವನ ಭುಜ ಅಲುಗತೊಡಗಿತ್ತು. ಈ ಸಲ ಅವನು ತಡೆಯಲಿಲ್ಲ, ಸದ್ದಾಗಿಯೇ ನಕ್ಕುಬಿಟ್ಟ. ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ಅಲ್ಲಾಡಬ್ಯಾಡ್ರಿ ಸಾರ್. ಎಣಿಸ್ತಿದೀವಿ."